ನೊರೆಯ ತಿರುಪು

ನನ್ನ ಹೆಂಡತಿ ಜಲಜ ತೀರಿಕೊಂಡು ಐದು ತಿಂಗಳಾದ ಮೇಲೆ ಹವಳ ರಕ್ಷಣಾ ಮಂಡಳಿಯಿಂದ ನನಗೊಂದು ಕಾಗದ ಬಂತು. ಅದರಲ್ಲಿ ‘ತಪ್ಪಿತಸ್ಥ ಪಾಲಕ ಹೆರಿಯಣ್ಣ ಮರಕಾಲ’ ಎಂದು ನನ್ನ ಹೆಸರು ಅಚ್ಚಾಗಿತ್ತು. ನಾನು ಹವಳದ ತೊಟ್ಟಿಯ ಯಂತ್ರವನ್ನು ಕೆಣಕಿದ್ದೇನಂತೆ, ಎರಡು ಎಚ್ಚರಿಕೆಗಳಿಗೆ ಕಿವಿಗೊಡಲಿಲ್ಲವಂತೆ. ಹದಿನೈದು ದಿನದೊಳಗೆ ಬೈಂದೂರಿನ ನಿಯಂತ್ರಣ ಕೇಂದ್ರಕ್ಕೆ ಬಂದು ಸಮಜಾಯಿಷಿ ಕೊಡದಿದ್ದರೆ ನಮ್ಮ ಮನೆಯ ತೊಟ್ಟಿಯಲ್ಲಿರುವ ಹವಳವನ್ನು ವಶಪಡಿಸಿಕೊಳ್ಳುತ್ತಾರಂತೆ.

ಆ ಹವಳ ಜಲಜಳದು. ಹೆಬ್ಬೆರಳಿನಷ್ಟಿದ್ದ ತುಂಡನ್ನು ಒಂಬತ್ತು ವರ್ಷ ಸಾಕಿ ಎರಡು ಬೊಗಸೆಯಷ್ಟು ಮಾಡಿದ್ದಳು. ನಮಗೆ ಮಕ್ಕಳಿಲ್ಲ. ಅವಳ ಕೈಯಲ್ಲಿ ಬೆಳೆದದ್ದೆಂದು ಮನೆಯಲ್ಲಿ ಉಳಿದಿದ್ದ ಜೀವ ಅದೊಂದೇ.

ಕಾಗದವನ್ನು ದೇವರ ಗೂಡಿನ ಕೆಳಗಿಟ್ಟು ಹೊರಗೆ ಜಗಲಿಗೆ ಬಂದು ಕೂತೆ. ಗಂಗೊಳ್ಳಿ ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಯಂತ್ರ ನೋಡಿಕೊಂಡವನು ನಾನು. ಕಂಪ್ರೆಸರಿನ ಸದ್ದು ಒಂದು ಎಳೆ ಬದಲಾದರೆ ಊಟದ ಎಲೆಯಿಂದ ಎದ್ದು ಹೋಗಿ ನೋಡಿದವನು. ನನಗೆ ಯಂತ್ರ ಕೆಣಕಿದವನೆಂಬ ಹೆಸರು. ಅದೂ ಆ ಯಂತ್ರದ ತಿರುಪನ್ನೇ ಕಿತ್ತು ಅರಗಿನಿಂದ ಮುಚ್ಚಿಹೋದವರ ಬಾಯಿಂದ.

ಈ ಕಥೆ ಓದುವವರಲ್ಲಿ ಹವಳದ ತೊಟ್ಟಿ ಕಾಣದವರೂ ಇರಬಹುದು. ಅವರಿಗಾಗಿ ಸ್ವಲ್ಪ ಹೇಳುತ್ತೇನೆ.

ಸಮುದ್ರ ಬಿಸಿಯಾಗಿ ನೇತ್ರಾಣಿ ದ್ವೀಪದ ಸುತ್ತಲಿನ ಹವಳ ಒಂದೇ ಬೇಸಿಗೆಯಲ್ಲಿ ಸುಣ್ಣದಂತೆ ಬೆಳ್ಳಗಾಯಿತು. ಸಾಯದೆ ಉಳಿದ ತುಂಡುಗಳನ್ನು ಮಂಡಳಿಯವರು ಮುಳುಗಿ ತೆಗೆದರು. ಅಷ್ಟನ್ನೂ ಇಡುವುದಕ್ಕೆ ಸಾಲುವ ಕೊಳ ಅವರಲ್ಲಿರಲಿಲ್ಲ. ಸಮುದ್ರ ತಣಿಯುವ ತನಕ ಕರಾವಳಿಯ ಮನೆ ಮನೆಯಲ್ಲೂ ಒಂದೊಂದು ತುಂಡು ಸಾಕಿದರೆ ಹೇಗೆ ಎಂದು ಯಾರಿಗೋ ಹೊಳೆಯಿತು. ಚೀಟಿ ಎತ್ತಿ ನಾಲ್ಕು ಸಾವಿರ ಮನೆಗಳನ್ನು ಆರಿಸಿದರು. ಹವಳ ಹಂಚಿದ ದಿನ ಬಂದರಿನಲ್ಲಿ ಚಪ್ಪರ ಹಾಕಿ, ದೀಪ ಬೆಳಗಿಸಿ, ಪ್ರತಿ ಮನೆಗೂ ಒಂದು ಗಾಜಿನ ತೊಟ್ಟಿ, ಉಪ್ಪಿನ ಪೊಟ್ಟಣ, ಒಂದು ಯಂತ್ರ ಮತ್ತು ಬಣ್ಣದ ಕಾರ್ಡು ಕೊಟ್ಟರು. ಕಾರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಮನೆದೇವರಂತೆ ನೋಡಿಕೊಳ್ಳಿ’ ಎಂದು ಬರೆದಿತ್ತು. ನಾವು ಮಾತನ್ನು ಮಾತೆಂದೇ ನಂಬುವ ಜನ. ತೊಟ್ಟಿಯನ್ನು ದೇವರ ಗೂಡಿನ ಪಕ್ಕದಲ್ಲೇ ಇಟ್ಟೆವು.

ಆ ಯಂತ್ರಕ್ಕೆ ಅವರು ಸ್ಕಿಮ್ಮರ್ ಎನ್ನುತ್ತಿದ್ದರು. ನಮ್ಮ ಕೇರಿಯಲ್ಲಿ ಅದು ನೊರೆಕೊಳವೆ. ತೊಟ್ಟಿಯ ನೀರು ಅದರೊಳಗೆ ಹೋಗುತ್ತದೆ, ಕೆಳಗಿನಿಂದ ಸಣ್ಣ ಸಣ್ಣ ಗುಳ್ಳೆಗಳಾಗಿ ಗಾಳಿ ಏಳುತ್ತದೆ. ಹವಳದ ಹೊಲಸು, ತಿಂದು ಬಿಟ್ಟ ಆಹಾರದ ಜಿಡ್ಡು ಎಲ್ಲವೂ ಗುಳ್ಳೆಗೆ ಅಂಟಿ ನೊರೆಯಾಗಿ ಮೇಲೇರಿ, ತಲೆಯ ಮೇಲಿನ ಬಟ್ಟಲಿಗೆ ಬೀಳುತ್ತದೆ. ಗಾಳಿಯನ್ನು ಹೆಚ್ಚು ಕಡಿಮೆ ಮಾಡಲು ಒಂದು ತಿರುಪು. ಕಡಿಮೆಯಾದರೆ ಕೊಳೆ ನೀರಿನಲ್ಲೇ ಉಳಿಯುತ್ತದೆ. ಹೆಚ್ಚಾದರೆ ನೊರೆ ತೆಳ್ಳಗಾಗಿ, ಕೊಳೆಯ ಜೊತೆಗೆ ಉಪ್ಪು ನೀರೂ ಬಟ್ಟಲಿಗೆ ಸುರಿಯುತ್ತದೆ, ಹವಳ ತಿನ್ನುವ ಅನ್ನವೂ ಹೊರಗೆ ಹೋಗುತ್ತದೆ. ಹವಳಕ್ಕೆ ತೀರ ಚೊಕ್ಕಟವಾದ ನೀರು ಅಂದರೆ ಉಪವಾಸ.

ಇದನ್ನು ನನಗೆ ಮಂಡಳಿಯವರು ಕಲಿಸಲಿಲ್ಲ. ಜಲಜ ಕಲಿಸಿದಳು. ಅವಳು ಮೀನು ಮಾರುತ್ತಿದ್ದವಳು, ಓದಿದ್ದು ಐದನೇ ಕ್ಲಾಸು. ಮೊದಲ ವಾರ ನಾನು ಕಾರ್ಡು ಹಿಡಿದು ತಿರುಪನ್ನು ಕಾಲು ಸುತ್ತು, ಅರ್ಧ ಸುತ್ತು ಎಂದು ಲೆಕ್ಕ ಹಾಕುತ್ತಿದ್ದರೆ ಅವಳು ಅಡಿಗೆಮನೆಯಿಂದ ಬಂದು ಸೊಂಟದ ಮೇಲೆ ಕೈ ಇಟ್ಟು ನೋಡಿದಳು.

“ಹ್ವಾಯ್, ಇದ್ ಗಂಜಿ ಉಕ್ಕುದೇ ಅಲ್ದಾ? ಬೆಂಕಿ ಸಣ್ಣ ಮಾಡಿ, ಬಣ್ಣ ಕಾಣಿ” ಎಂದಳು.

ಅಂದಿನಿಂದ ತಿರುಪು ಅವಳ ಪಾಲಾಯಿತು. ಬಟ್ಟಲಿಗೆ ಬೀಳುವ ನೊರೆನೀರು ಕಡು ಚಹದ ಬಣ್ಣಕ್ಕಿರಬೇಕು ಎಂಬುದು ಅವಳ ಅಳತೆ. ಎಳನೀರಿನಂತಾದರೆ ತಿರುಪನ್ನು ಕೂದಲೆಳೆಯಷ್ಟು ಬಿಗಿಯುವಳು, ಡಾಂಬರಿನಂತಾದರೆ ಅಷ್ಟೇ ಸಡಿಲಿಸುವಳು. ಮತ್ತೆ ಒಂದು ದಿನ ಮುಟ್ಟುತ್ತಿರಲಿಲ್ಲ. ತಿರುಗಿಸಿ ತಿರುಗಿಸಿ ನೋಡುವ ನನ್ನ ಚಟಕ್ಕೆ ಬೈಯುತ್ತಿದ್ದಳು. ನೀರಿಗೂ ಯೋಚನೆ ಮಾಡಲು ಸಮಯ ಬೇಕು ಎಂಬುದು ಅವಳ ವಾದ.

ಅವಳದು ಇನ್ನೊಂದು ಕ್ರಮವಿತ್ತು. ನಮ್ಮವರು ದೋಣಿ ಹತ್ತುವ ಮೊದಲು ಬಗ್ಗಿ ಸಮುದ್ರದ ನೀರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಜಲಜ ಬುಟ್ಟಿ ಹೊರುವ ಮೊದಲು ದಡದಲ್ಲಿ ಹಾಗೆ ಮಾಡುತ್ತಿದ್ದಳು. ಮಾರುವುದಕ್ಕೆ ಮೀನಿಲ್ಲದ ಕಾಲ ಬಂದ ಮೇಲೆ ತೊಟ್ಟಿಯ ನೀರನ್ನೇ ಮುಟ್ಟತೊಡಗಿದಳು. ಬೆಳಿಗ್ಗೆ ಮಿಂದು ಬಂದವಳು ಮೊದಲು ತೊಟ್ಟಿಯಲ್ಲಿ ಬೆರಳದ್ದಿ ಕಣ್ಣಿಗೊತ್ತಿಕೊಂಡು, ಆಮೇಲೆ ದೀಪ ಹಚ್ಚುತ್ತಿದ್ದಳು. ನನಗೆ ಅದು ಸರಿ ಕಾಣುತ್ತಿರಲಿಲ್ಲ. ದೇವರ ದೀಪ ಮೊದಲು, ಉಳಿದದ್ದೆಲ್ಲ ಆಮೇಲೆ ಎಂದು ಎಷ್ಟೋ ಸಲ ಹೇಳಿದ್ದೆ.

“ಸಮುದ್ರ ಮುಟ್ಟಿ ಬತ್ತೆ. ದೇವ್ರ್ ಎಲ್ಲಿಗೂ ಓಡಿ ಹೋತಿಲ್ಲ ಕಾಣಿ” ಎಂದು ನಗುತ್ತಿದ್ದಳು.

ಎರಡು ವರ್ಷದ ಕೆಳಗೆ ಮಂಡಳಿಯವರು ತಿರುಪನ್ನು ಕಿತ್ತರು. ಜನ ಮನಸ್ಸಿಗೆ ಬಂದಂತೆ ತಿರುಗಿಸಿ ಹವಳ ಕೊಲ್ಲುತ್ತಿದ್ದಾರೆ ಎಂದು ಕಾರಣ ಕೊಟ್ಟರು. ಇನ್ನು ಮುಂದೆ ಎಲ್ಲ ನೊರೆಕೊಳವೆಗಳಿಗೂ ಗಾಳಿ ಬಿಡುವುದು ಬೈಂದೂರಿನ ಕೇಂದ್ರದಿಂದಲೇ ಎಂದರು. ತಿರುಪಿನ ಜಾಗದಲ್ಲಿ ಒಂದು ವಿದ್ಯುತ್ ಕವಾಟ ಕೂರಿಸಿ, ತಂತಿ ಎಳೆದು, ತೂತನ್ನು ಕಪ್ಪು ಅರಗಿನಿಂದ ಮುಚ್ಚಿದರು. ಕೊಳವೆಯ ಕುತ್ತಿಗೆಗೆ ಗಾಜಿನ ಮಣಿಯೊಂದನ್ನು ಅಂಟಿಸಿದರು. ಅದು ನೊರೆಯ ಎತ್ತರ ನೋಡುವ ಕಣ್ಣು ಎಂದರು. ಬಂದ ಇಬ್ಬರು ಹುಡುಗರಿಗೂ ಜಲಜ ಬೆಲ್ಲ ನೀರು ಕೊಟ್ಟಳು. ಕೊಟ್ಟು, ಊರಿನ ಗಂಜಿಯೆಲ್ಲ ಬೈಂದೂರಿನ ಒಂದೇ ಬೆಂಕಿಯಲ್ಲಿ ಬೇಯುತ್ತದೋ ಎಂದು ಕೇಳಿದಳು. ಅವರು ನಕ್ಕು ಹೋದರು. ನಾನೂ ನಕ್ಕೆ. ಆ ನಗುವನ್ನು ಈಗ ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ಏನನ್ನಾದರೂ ಕೊಡುತ್ತಿದ್ದೆ.

ಆಮೇಲೆ ಜಲಜ ಹೋದಳು. ಮೂರು ದಿನದ ಜ್ವರ. ಹದಿಮೂರನೆಯ ದಿನ ಬೊಜ್ಜದ ಉತ್ತರಕ್ರಿಯೆ ಮುಗಿಯಿತು, ನೆಂಟರು ಹೋದರು. ಹದಿನಾಲ್ಕನೆಯ ಬೆಳಿಗ್ಗೆ ನಾನೊಬ್ಬನೇ ಎದ್ದು ಮಿಂದು, ದೀಪ ಹಚ್ಚಿ, ಅವಳ ನೆನಪಿಗೆಂದು ತೊಟ್ಟಿಯ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ.

ಕೆಲವೇ ದಿನದಲ್ಲಿ ನೊರೆಕೊಳವೆ ಹುಚ್ಚು ಹಿಡಿದಂತೆ ಆಡುತ್ತಿರುವುದು ಕಣ್ಣಿಗೆ ಬಿತ್ತು. ಬೆಳಿಗ್ಗೆ ನೊರೆಯೇ ಇಲ್ಲ, ಗುಳ್ಳೆ ಬರುತ್ತದೆ, ಒಡೆಯುತ್ತದೆ. ಹತ್ತು ಗಂಟೆಗೆ ಗಾಳಿಯ ಸದ್ದು ಏರುತ್ತದೆ. ಮಧ್ಯಾಹ್ನ ಇದ್ದಕ್ಕಿದ್ದಂತೆ ನೊರೆ ಉಕ್ಕಿ ಬಟ್ಟಲು ತುಂಬಿ ನೆಲಕ್ಕೆ ಹರಿಯುತ್ತದೆ. ನಾನು ಕೇಂದ್ರಕ್ಕೆ ಫೋನು ಮಾಡಿದೆ. ಯಂತ್ರದ ದನಿಯೊಂದು ನನ್ನ ದೂರನ್ನು ಸ್ವೀಕರಿಸಿತು. ಬಂದದ್ದು ಮಾತ್ರ ಒಂದರ ಹಿಂದೊಂದು ಎರಡು ಎಚ್ಚರಿಕೆಯ ಕಾಗದ.

ನನ್ನ ಹವಳಕ್ಕಿಂತ ಕಷ್ಟ ಪಟ್ಟದ್ದು ಪಕ್ಕದ ಮನೆಯ ಸೆವ್ರಿನ್ ಬಾಯಿಯ ಹವಳ. ಅವರು ಇಗರ್ಜಿಯ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವರು, ನನಗಿಂತ ಎರಡು ವರ್ಷಕ್ಕೆ ಹಿರಿಯರು, ಜಲಜಳ ಜೀವದ ಗೆಳತಿ. ಗಂಡ ಹೋದ ಮೇಲೆ ಒಬ್ಬರೇ ಇದ್ದರು. ಇಬ್ಬರೂ ಬೇಲಿಯ ಎರಡು ಕಡೆ ನಿಂತು ನೊರೆಯ ಬಣ್ಣ ಹೋಲಿಸುತ್ತಿದ್ದದ್ದು ನನಗೆ ನೆನಪಿದೆ. ಈಗ ಸೆವ್ರಿನ್ ಬಾಯಿ ದಿನವೂ ಬೆಳಿಗ್ಗೆ ಬಟ್ಟಲು ಹಿಡಿದು ಬೇಲಿಗೆ ಬರುತ್ತಿದ್ದರು. ಒಳಗೆ ಎಳನೀರಿನಂತೆ ತಿಳಿಯಾದ ಉಪ್ಪುನೀರು. ತೊಟ್ಟಿಯಲ್ಲಿ ನೀರಿಳಿದರೆ ಸಿಹಿನೀರು ತುಂಬಿ ಎಂದು ಕಾರ್ಡಿನಲ್ಲಿತ್ತು, ಅವರು ತುಂಬುತ್ತಿದ್ದರು. ಉಪ್ಪು ದಿನದಿನಕ್ಕೆ ಕಡಿಮೆಯಾಯಿತು, ತಿನ್ನುವುದಕ್ಕೂ ಏನೂ ಉಳಿಯಲಿಲ್ಲ. ಹವಳ ಮೊದಲು ಬಿಳಿಚಿತು, ಆಮೇಲೆ ಅದರ ಮೈಯ ತೊಗಲು ಹೊಗೆಯಂತೆ ಕಳಚಿ ಹೋಯಿತು. ಅವರು ಎರಡು ಸಲ ಮಂಡಳಿಗೆ ಬರೆದರು. ನಿಮ್ಮ ನಿರ್ಲಕ್ಷ್ಯವೇ ಕಾರಣ ಎಂದು ಉತ್ತರ ಬಂತು. ಕೊನೆಗೆ ಒಬ್ಬ ಬಂದು, ಪುಸ್ತಕದಲ್ಲಿ ‘ನಷ್ಟ’ ಎಂದು ಬರೆದು, ತಂತಿಯನ್ನು ಸುತ್ತಿಕೊಂಡು ಹೋದ. ತೊಟ್ಟಿ, ಯಂತ್ರ, ಹವಳದ ಬಿಳಿ ಎಲುಬು ಅಲ್ಲೇ ಉಳಿದವು.

“ಎರಡ್ ಸಲ ಜಪಮಾಲೆ ಹೇಳ್ದೆ ಹೆರಿಯಣ್ಣ, ಆ ಯಂತ್ರದ ಎದುರು ಕೂತು. ಮಾತೆಗೆ ಕೇಳ್ತದೆ, ಬೈಂದೂರಿಗೆ ಕೇಳುದಿಲ್ಲ” ಎಂದರು. ನಗಿಸಲು ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ.

ಸಮಜಾಯಿಷಿಗೆ ನಾನು ಹೊರಟಾಗ ಅವರೂ ಬರುತ್ತೇನೆಂದರು. ತಮ್ಮ ಹವಳ ಯಾಕೆ ಸತ್ತಿತು ಎಂದು ಒಂದು ಮಾತು ಕೇಳಬೇಕು, ಬೇರೇನೂ ಬೇಡ ಎಂದರು. ಬೆಳಿಗ್ಗೆ ದೀಪ ಹಚ್ಚಿ, ನೀರು ಮುಟ್ಟಿ, ಏಳೂವರೆಯ ಬಸ್ಸಿಗೆ ಹೋದೆವು.

ಕೇಂದ್ರ ಗುಡ್ಡದ ಮೇಲಿತ್ತು. ಒಳಗೆ ಮಂಜುಗಡ್ಡೆ ಕಾರ್ಖಾನೆಗಿಂತ ಚಳಿ. ಒಂದು ಇಡೀ ಗೋಡೆಯ ಮೇಲೆ ಕರಾವಳಿಯ ನಕ್ಷೆ, ಅದರ ತುಂಬ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆ ಒಂದೊಂದು ಮನೆ. ಸತ್ತ ಹವಳದ ಚುಕ್ಕೆ ಆರಿರುತ್ತದೆ. ಗಂಗೊಳ್ಳಿಯ ನಮ್ಮ ಕೇರಿಯಲ್ಲಿ ಎಂಟು ಮನೆಗಳಲ್ಲಿ ಮೂರು ಆರಿದ್ದವು. ಸೆವ್ರಿನ್ ಬಾಯಿ ಕನ್ನಡಕ ಸರಿಮಾಡಿಕೊಂಡು ತಮ್ಮ ಚುಕ್ಕೆಯನ್ನು ಹುಡುಕಿ, ಅದರ ಮುಂದೆಯೇ ನಿಂತರು.

ನಿರ್ದೇಶಕರ ಹೆಸರು ಶಿವಸ್ವಾಮಿ. ಒಳ್ಳೆಯ ಬಟ್ಟೆ, ಮೆಲುದನಿ. ಅವರ ಜೊತೆ ತನುಜಾ ಎಂಬ ಎಂಜಿನಿಯರ್ ಹುಡುಗಿ ಇದ್ದಳು. ಶಿವಸ್ವಾಮಿಯವರು ನನ್ನನ್ನು ಯಜಮಾನರೇ ಎಂದು ಕರೆದು ಕೂರಿಸಿದರು. ನನ್ನ ಮನೆಯ ನೊರೆ ದಿನವೂ ಬೆಳಿಗ್ಗೆ ಆರೂ ಕಾಲಿಗೆ ತಪ್ಪದೆ ಕುಸಿಯುತ್ತದೆ, ಯಂತ್ರ ತಾನಾಗಿ ಗಡಿಯಾರ ನೋಡುವುದಿಲ್ಲ, ಆದ್ದರಿಂದ ಮನುಷ್ಯನ ಕೈ ಇದೆ ಎಂದರು. ಒಪ್ಪಿ ಸಹಿ ಹಾಕಿದರೆ ಶಿಸ್ತಿನ ಕ್ರಮ ಕೈಬಿಡುತ್ತಾರೆ, ಹವಳವನ್ನಷ್ಟೇ ತೆಗೆದುಕೊಳ್ಳುತ್ತಾರೆ.

ಹವಳವನ್ನಷ್ಟೇ.

ನಾನು ನೊರೆಯ ದಿನದಿನದ ಏರಿಳಿತದ ಗೆರೆ ತೋರಿಸಿ ಎಂದೆ. ಐದು ತಿಂಗಳದ್ದಲ್ಲ, ಕಣ್ಣು ಅಂಟಿಸಿದ ದಿನದಿಂದ. ಶಿವಸ್ವಾಮಿಯವರು ಅದು ನಿಮಗೆ ಅರ್ಥವಾಗುವುದಿಲ್ಲ ಎಂದರು. ಮೂವತ್ತೆಂಟು ವರ್ಷ ಒತ್ತಡದ ಗೆರೆ, ಚಳಿಯ ಗೆರೆ ಓದಿದವನು ನಾನು. ತೋರಿಸದೆ ಏಳುವುದಿಲ್ಲ ಎಂದೆ. ತನುಜಾ ಅವರ ಮುಖ ನೋಡದೆ ಗೋಡೆಯ ಮೇಲೆ ಗೆರೆಯನ್ನು ಬಿಡಿಸಿದಳು.

ಒಂದೂವರೆ ವರ್ಷಕ್ಕೂ ಮೇಲೆ ಗೆರೆ ಕೆರೆಯ ನೀರಿನಂತೆ ಸಮವಾಗಿತ್ತು. ಜಲಜ ಇದ್ದ ಕಾಲ. ಅವಳು ಹೋದ ದಿನವನ್ನು ನಾನೇ ಬೆರಳಿಟ್ಟು ತೋರಿಸಿದೆ. ಅಲ್ಲಿಂದ ಹದಿಮೂರು ದಿನವೂ ಗೆರೆ ಸಮವೇ. ಹದಿನಾಲ್ಕನೆಯ ದಿನ ಬೆಳಿಗ್ಗೆ ಒಂದು ಗುಂಡಿ. ಮರುದಿನ ಇನ್ನೊಂದು. ಅಲ್ಲಿಂದ ಇಂದಿನವರೆಗೆ ಹಲ್ಲು ಹಲ್ಲಾಗಿ, ಗರಗಸದ ಹಾಗೆ.

ಹದಿಮೂರು ದಿನ ಏನಿರಲಿಲ್ಲ ಎಂದು ಯೋಚಿಸಿದೆ. ಸೂತಕ. ದೇವರಿಗೆ ದೀಪವಿಲ್ಲ. ಅವಳ ಹೆಸರಿನಲ್ಲಿ ಇಟ್ಟಿದ್ದ ದೀಪಕ್ಕೆ ನನ್ನ ತಂಗಿ ಎಣ್ಣೆ ಹಾಕುತ್ತಿದ್ದಳು. ನಾನು ಬತ್ತಿ ಮುಟ್ಟಿರಲಿಲ್ಲ, ತೊಟ್ಟಿಯನ್ನೂ ಮುಟ್ಟಿರಲಿಲ್ಲ. ಹದಿನಾಲ್ಕನೆಯ ದಿನ ಬತ್ತಿ ಹೊಸೆದು, ತೆಂಗಿನೆಣ್ಣೆಯಲ್ಲಿ ಅದ್ದಿ, ದೀಪ ಹಚ್ಚಿ, ಅದೇ ಕೈಯಲ್ಲಿ ನೀರು ಮುಟ್ಟಿದೆ.

ಬಲಗೈಯನ್ನು ಮೂಗಿನ ಹತ್ತಿರ ತಂದೆ. ಬಸ್ಸಿನಲ್ಲಿ ಬಂದರೂ ಎಣ್ಣೆಯ ವಾಸನೆ ಹೋಗಿರಲಿಲ್ಲ.

ಗಂಜಿ ಉಕ್ಕಿ ಒಲೆ ಆರಿಸುತ್ತದೆಂದು ಕಂಡರೆ ಜಲಜ ಏನು ಮಾಡುತ್ತಿದ್ದಳು? ಬೆರಳ ತುದಿಯಲ್ಲಿ ಒಂದು ಹನಿ ತೆಂಗಿನೆಣ್ಣೆ ತೆಗೆದು ಪಾತ್ರೆಗೆ ಬಿಡುತ್ತಿದ್ದಳು. ನೊರೆ ಸದ್ದಿಲ್ಲದೆ ಕೂರುತ್ತಿತ್ತು. ನಲವತ್ತನಾಲ್ಕು ವರ್ಷ ಅದನ್ನು ಕಂಡಿದ್ದೇನೆ. ಅವಳು ನೀರು ಮುಟ್ಟುತ್ತಿದ್ದದ್ದು ಮಿಂದ ಒದ್ದೆ ಕೈಯಲ್ಲಿ, ದೀಪಕ್ಕೆ ಮೊದಲು. ನಾನು ಅವಳ ಕ್ರಮವನ್ನು ತಿದ್ದಿದೆ. ದೇವರನ್ನು ಮುಂದೆ ಮಾಡಿ, ಎಣ್ಣೆಯ ಕೈಯನ್ನು ಅವಳ ನೀರಿಗೆ ಹಾಕಿದೆ.

ಇದನ್ನು ಮುಚ್ಚಿಡಬೇಕೆಂದು ನನಗೆ ಅನ್ನಿಸಲಿಲ್ಲ. ಅಲ್ಲಿದ್ದವರೆಲ್ಲರ ಮುಂದೆ ಹೇಳಿದೆ. ಎಣ್ಣೆ ತಾಗಿ ನೊರೆ ಒಡೆಯುತ್ತದೆ. ನೊರೆ ಇಲ್ಲವೆಂದು ಕಂಡು ನಿಮ್ಮ ಕೇಂದ್ರ ಗಾಳಿ ಏರಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಎಣ್ಣೆ ತೀರುತ್ತದೆ, ಆಗ ಆ ಗಾಳಿಗೆ ಎಲ್ಲ ಉಕ್ಕಿ ಹರಿಯುತ್ತದೆ. ತಪ್ಪು ನನ್ನ ಕೈಯದೇ, ಯಂತ್ರ ಕೆಣಕಿದ್ದು ಮಾತ್ರ ಸುಳ್ಳು ಎಂದೆ.

ಶಿವಸ್ವಾಮಿಯವರ ಮುಖ ಅರಳಿತು. ನಾಳೆಯೇ ಒಂದು ಆದೇಶ ಹೊರಡಿಸಿ, ತೊಟ್ಟಿ ಇರುವ ಮನೆಗಳಲ್ಲಿ ದೀಪ ಹಚ್ಚುವುದನ್ನು ನಿಷೇಧಿಸಬೇಕು ಎಂದು ತನುಜಾಗೆ ಹೇಳಿದರು. ನನ್ನ ಕಡೆ ತಿರುಗಿ, “ನೋಡಿ ಯಜಮಾನರೇ, ನಿಮ್ಮ ನಂಬಿಕೆಗಳನ್ನು ಹೊರಗಿಡಬೇಕು ಅಂತ ನಾವು ಎಷ್ಟು ಹೇಳೋದು?” ಎಂದರು.

ಹೇಳಿರಲೇ ಇಲ್ಲ. ನನ್ನ ಜೇಬಿನಲ್ಲಿ ಆ ಬಣ್ಣದ ಕಾರ್ಡು ಇತ್ತು. ಮೇಜಿನ ಮೇಲಿಟ್ಟೆ. ಮನೆದೇವರಂತೆ ನೋಡಿಕೊಳ್ಳಿ. ಚಪ್ಪರದಲ್ಲಿ ದೀಪ ಬೆಳಗಿದವರ ಚಿತ್ರವೂ ಅದರ ಮೇಲಿತ್ತು. ಅವರು ಅದನ್ನು ಓದಿ ತಿರುವಿ ಇಟ್ಟರು.

ಅಷ್ಟು ಹೊತ್ತೂ ಗೋಡೆಯ ಮುಂದೆ ನಿಂತಿದ್ದ ಸೆವ್ರಿನ್ ಬಾಯಿ ಆಗ ಮಾತಾಡಿದರು. ತಾನು ಎಣ್ಣೆ ದೀಪ ಹಚ್ಚುವುದಿಲ್ಲ, ಮೇಣದ ಬತ್ತಿ ಹಚ್ಚುತ್ತೇನೆ, ತೊಟ್ಟಿಗೆ ಕೈಯನ್ನೇ ಹಾಕುವುದಿಲ್ಲ. ತನ್ನ ನೊರೆ ಒಂದು ದಿನವೂ ಕೂತದ್ದಿಲ್ಲ. ಮತ್ತೆ ತನ್ನ ಯಂತ್ರಕ್ಕೆ ದಿನಾ ಬೆಳಿಗ್ಗೆ ಗಾಳಿ ಏರಿಸಿದ್ದು ಯಾಕೆ ಎಂದು ಕೇಳಿದರು.

ತನುಜಾ ನೆಲ ನೋಡುತ್ತಿದ್ದಳು. ಅವಳನ್ನೇ ನೋಡುತ್ತ ನಿಂತರು ಸೆವ್ರಿನ್ ಬಾಯಿ. ಹೊಲಿಗೆ ತಪ್ಪಿಸಿದ ಮಕ್ಕಳ ಮುಂದೆ ಹಾಗೆ ನಿಂತು ಅವರಿಗೆ ಅಭ್ಯಾಸ.

“ಎಂಟು ಮನೆಗೆ ಒಂದೇ ಕಣ್ಣು ಇರೋದು, ಅಮ್ಮ” ಎಂದಳು ತನುಜಾ. “ನಿಮ್ಮ ಕೇರಿಯ ಕಣ್ಣು ಇವರ ಮನೆಯಲ್ಲಿದೆ. ಇವರ ನೊರೆ ನೋಡಿ ಎಂಟೂ ಮನೆಗೆ ಗಾಳಿ ಹೋಗುತ್ತೆ. ಬೇರೆ ಮನೆಗಳಲ್ಲಿರೋದು ಬರೀ ಗಾಜಿನ ಮಣಿ.”

ನನಗೆ ಆ ಕೋಣೆಯ ಚಳಿ ಆಗ ತಾಗಿತು. ನನ್ನ ಬೆರಳಿನ ಒಂದು ಹನಿ ಎಣ್ಣೆಗೆ ಎಂಟು ಮನೆಯಲ್ಲಿ ಗಾಳಿ ಎದ್ದಿತ್ತು. ನನ್ನ ನೊರೆ ಕೂತಿದ್ದ ಹೊತ್ತಿನಲ್ಲಿ ಉಳಿದ ಏಳು ತೊಟ್ಟಿಗಳ ಅನ್ನವನ್ನು ಯಂತ್ರ ಬಾಚಿ ಬಾಚಿ ಹೊರಗೆ ಸುರಿದಿತ್ತು. ಗೋಡೆಯಲ್ಲಿ ಆರಿದ್ದ ಮೂರು ಚುಕ್ಕೆಗಳನ್ನು ನಾನು ದಿನಾ ಬೆಳಿಗ್ಗೆ ಮಿಂದು, ಮಡಿಯುಟ್ಟು, ಭಕ್ತಿಯಿಂದ ಆರಿಸಿದ್ದೆ.

ಸೆವ್ರಿನ್ ಬಾಯಿ ನನ್ನ ಕಡೆ ನೋಡಲಿಲ್ಲ. ಶಿವಸ್ವಾಮಿಯವರ ಕಡೆಯೂ ನೋಡಲಿಲ್ಲ.

“ಐದು ತಿಂಗಳು ದೇವರ ಹತ್ರ ಕೇಳ್ದೆ, ನನ್ನ ತಪ್ಪೆಂತ ಅಂತ” ಎಂದರು. ಅಷ್ಟೇ ಹೇಳಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು.

ತಪ್ಪೊಪ್ಪಿಗೆಯ ಕಾಗದ ನನ್ನ ಮುಂದೆ ಬಂತು. ನಾನು ಸಹಿ ಹಾಕುತ್ತೇನೆ, ಆದರೆ ನನ್ನ ತಪ್ಪಿನ ಕೆಳಗೆ ನಿಮ್ಮದನ್ನೂ ಬರೆಯಿರಿ ಎಂದೆ. ಎಂಟು ಮನೆಗೆ ಒಂದು ಕಣ್ಣು ಇಟ್ಟೆವು, ಅದು ಯಾರ ಮನೆಯಲ್ಲಿದೆ ಎಂದು ಯಾರಿಗೂ ಹೇಳಲಿಲ್ಲ, ಏಳು ಮನೆಗೆ ಗಾಜಿನ ಮಣಿ ಅಂಟಿಸಿ ಕಣ್ಣೆಂದು ನಂಬಿಸಿದೆವು, ಕೇಳಿದವರಿಗೆ ನಿಮ್ಮದೇ ನಿರ್ಲಕ್ಷ್ಯ ಎಂದು ಬರೆದೆವು ಎಂದು ಬರೆಯಿರಿ. ತಿರುಪು ಜನರ ಕೈಯಲ್ಲಿದ್ದರೆ ಕೆಟ್ಟ ಕೈಯಿಂದ ಒಂದು ತೊಟ್ಟಿ ಸಾಯುತ್ತದೆ. ನಿಮ್ಮ ಕೈಯಲ್ಲಿದ್ದದ್ದಕ್ಕೆ ಒಂದು ಕೆಟ್ಟ ಕೈಯಿಂದ ಎಂಟು ಸತ್ತವು.

“ಎಂಟಲ್ಲ, ಮೂರು” ಎಂದರು ಶಿವಸ್ವಾಮಿ.

ನಾನು ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದೆ. ಆ ಒಂದು ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅವರನ್ನು ಕ್ಷಮಿಸು ಎಂದು ದೇವರೇ ಎದುರು ಬಂದು ಹೇಳಿದರೂ ಸ್ವಲ್ಪ ಸಮಯ ಕೇಳುತ್ತೇನೆ.

ಬಸ್ಸಿನಲ್ಲಿ ಸೆವ್ರಿನ್ ಬಾಯಿ ಮುಂದಿನ ಸೀಟಿನಲ್ಲಿ ಕೂತರು, ನಾನು ಹಿಂದೆ. ಕೇರಿಯಲ್ಲಿ ಇಳಿದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾಲ್ಕು ದಿನ ಬೇಲಿಯ ಹತ್ತಿರ ಬರಲಿಲ್ಲ. ನಾನು ದೀಪ ಹಚ್ಚಿದೆ, ತೊಟ್ಟಿಯನ್ನು ಮುಟ್ಟಲಿಲ್ಲ. ನೊರೆ ತಾನಾಗಿ ಸಮವಾಯಿತು. ಕೇರಿಯ ಉಳಿದ ನಾಲ್ಕು ಮನೆಗಳಿಗೂ ಹೋಗಿ ನನ್ನ ಕೈ ಮಾಡಿದ್ದನ್ನು ಹೇಳಿ ಬಂದೆ, ಹವಳ ಸತ್ತ ಇನ್ನಿಬ್ಬರ ಮನೆಗೂ ಹೋದೆ. ಒಬ್ಬರು ಕುಡಿಯಲು ನೀರು ಕೊಟ್ಟರು. ಒಬ್ಬರು ಒಳಗೆ ಕರೆಯಲಿಲ್ಲ. ಎರಡೂ ನ್ಯಾಯವೇ.

ಐದನೆಯ ದಿನ ವಶಪಡಿಸಿಕೊಳ್ಳುವ ಕಾಗದ ಬಂತು. ಸೋಮವಾರ ಬರುತ್ತೇವೆ ಎಂದಿತ್ತು. ಅಂದು ಗುರುವಾರ.

ಒಳಗೆ ಹೋಗಿ ಹವಳದ ಮುಂದೆ ಕೂತೆ. ಕಂದು ಮೈ, ತುದಿಗಳಲ್ಲಿ ನಸುನೀಲಿ. ಬೆಳಕಿಗೆ ಅದರ ಸಣ್ಣ ಸಣ್ಣ ಬಾಯಿಗಳು ಬಿಚ್ಚಿದ್ದವು. ಜಲಜ ಇದಕ್ಕೆ ಹೆಸರಿಟ್ಟಿರಲಿಲ್ಲ. ಹೆಸರಿಟ್ಟರೆ ಕಣ್ಣು ಬೀಳುತ್ತದೆ ಎನ್ನುತ್ತಿದ್ದಳು. ಕಾರ್ಖಾನೆಯಲ್ಲಿ ಮಂಜುಗಡ್ಡೆ ಸೀಳುತ್ತಿದ್ದ ಸಣ್ಣ ಉಳಿ ನನ್ನ ಪೆಟ್ಟಿಗೆಯಲ್ಲಿತ್ತು. ಕೈಯನ್ನು ಸೀಗೆಪುಡಿಯಿಂದ ಮೂರು ಸಲ ತಿಕ್ಕಿ ತೊಳೆದೆ. ಉಳಿಯನ್ನು ಕುದಿಸಿದೆ. ಮನಸ್ಸಿನಲ್ಲಿ ಅವಳ ಅಪ್ಪಣೆ ಕೇಳಿ, ಕವಲು ಒಡೆಯುವ ಜಾಗಕ್ಕೆ ಉಳಿಯ ಬಾಯಿ ಇಟ್ಟು ಒಂದೇ ಏಟು ಕೊಟ್ಟೆ. ಹಲ್ಲು ಮುರಿದ ಸದ್ದಾಯಿತು. ಅರ್ಧ ಕೈಗೆ ಬಂತು.

ಉಪ್ಪುನೀರು ತುಂಬಿದ ಬಕೆಟ್ಟಿನಲ್ಲಿ ಅದನ್ನಿಟ್ಟುಕೊಂಡು ಸೆವ್ರಿನ್ ಬಾಯಿಯ ಬಾಗಿಲು ತಟ್ಟಿದೆ. ಅವರು ತೆರೆದು, ಬಕೆಟ್ಟನ್ನು ನೋಡಿ, ನನ್ನ ಮುಖ ನೋಡಿದರು. ಇದು ಪ್ರಾಯಶ್ಚಿತ್ತವೋ ಎಂದು ಕೇಳಿದರು. ಅಲ್ಲ, ಇದು ಕಳ್ಳತನ ಎಂದೆ. ಮಂಡಳಿಯ ಪುಸ್ತಕದಲ್ಲಿ ನಿಮ್ಮ ತೊಟ್ಟಿ ಸತ್ತಿದೆ. ತಂತಿ ಅವರೇ ಸುತ್ತಿಕೊಂಡು ಹೋಗಿದ್ದಾರೆ. ಸತ್ತದ್ದನ್ನು ನೋಡಲು ಅವರು ಬರುವುದಿಲ್ಲ.

ಅವರು ಬಾಗಿಲಿನಿಂದ ಸರಿದು ದಾರಿ ಬಿಟ್ಟರು.

ಆ ದಿನವಿಡೀ ಕೆಲಸ ಮಾಡಿದೆವು. ಹಳೆಯ ನೀರು ಅರ್ಧ ತೆಗೆದು, ಉಪ್ಪು ಕಲಸಿ, ಉಪ್ಪು ಅಳೆಯುವ ತೇಲುಗೋಲು ಇಟ್ಟು ನೋಡಿ ಸರಿ ಮಾಡಿದೆವು. ನಾನು ನೊರೆಕೊಳವೆಯನ್ನು ಬಿಚ್ಚಿ, ಮಂಡಳಿಯ ಕವಾಟವನ್ನು ಕಿತ್ತು, ತೂತಿನ ಅರಗಿಗೆ ಬಿಸಿನೀರು ಹೊಯ್ದು ಮೆತ್ತಗೆ ಮಾಡಿ ಮೊಳೆಯಿಂದ ಕೆದಕಿ ತೆಗೆದೆ. ಮಂಡಳಿಯವರು ಕಿತ್ತು ಬಿಸಾಡಿದ್ದ ನಮ್ಮ ಮನೆಯ ತಿರುಪನ್ನು ಜಲಜ ಅಂಗಿ ಗುಂಡಿಗಳ ಡಬ್ಬಿಯಲ್ಲಿ ಇಟ್ಟಿದ್ದಳು. ಅದನ್ನು ತಂದು ಕೂರಿಸಿದೆ. ಸರಿಯಾಗಿ ಕೂತಿತು.

ಸೆವ್ರಿನ್ ಬಾಯಿ ಎರಡು ವರ್ಷದ ಮೇಲೆ ತಿರುಪು ಮುಟ್ಟುತ್ತಿದ್ದರು. ಒಂದೇ ಸಲ ಅರ್ಧ ಸುತ್ತು ಬಿಟ್ಟರು. ಬುಸ್ ಎಂದು ಗಾಳಿ ನುಗ್ಗಿ, ನೊರೆ ಬಟ್ಟಲು ದಾಟಿ ಅವರ ತೋಳಿಗೆ ಹಾರಿತು. ಬಿಗಿಯಿರಿ ಎಂದೆ. ಪೂರ್ತಿ ಬಿಗಿದರು. ಗುಳ್ಳೆಯೇ ನಿಂತಿತು.

“ಬಾಯಿ, ಹೊಲಿಗೆ ಕಲಿಸಿದವ್ರಲ್ದಾ ನೀವು? ಕೂದಲೆಳೆಯಷ್ಟು” ಎಂದೆ.

“ಸುಮ್ಮನಿರಿ ಹೆರಿಯಣ್ಣ. ಕೈ ಇಟ್ಟು ಹಾಳು ಮಾಡಿದವ್ರು ಬಾಯಿ ಇಡುದು ಬೇಡ” ಎಂದರು.

ಅದು ಸರಿಯಾದ ಮಾತು. ನಾನು ಬಾಯಿ ಮುಚ್ಚಿದೆ. ಅವರು ಕನ್ನಡಕ ಏರಿಸಿಕೊಂಡು, ಉಸಿರು ಹಿಡಿದು, ಸೂಜಿಗೆ ದಾರ ಪೋಣಿಸುವವರಂತೆ ತಿರುಪನ್ನು ಸರಿಸಿದರು. ಗುಳ್ಳೆಗಳು ಒಂದರ ಮೇಲೊಂದು ಹತ್ತಿ, ಕುತ್ತಿಗೆಯ ಅರ್ಧಕ್ಕೆ ಬಂದು ನಿಂತವು. ಬಟ್ಟಲಿಗೆ ಏನೂ ಬೀಳಲಿಲ್ಲ. ನಾನು ಚಡಪಡಿಸಿದೆ. ಅವರು ತಿರುಪಿನ ಮೇಲಿಂದ ಕೈ ತೆಗೆದರು. ನೀರಿಗೂ ಯೋಚನೆ ಮಾಡಲು ಸಮಯ ಬೇಕು ಎಂದು ಜಲಜ ಹೇಳುತ್ತಿದ್ದಳು ಎಂದರು. ಅದನ್ನು ನಾನೊಬ್ಬನೇ ಕೇಳಿದ್ದೇನೆ ಎಂದುಕೊಂಡಿದ್ದೆ.

ಮೂರನೆಯ ದಿನ, ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದವರು ಬೇಲಿಯ ಮೇಲಿಂದ ಬಟ್ಟಲು ಎತ್ತಿ ತೋರಿಸಿದರು. ತಳದಲ್ಲಿ ಎರಡು ಚಮಚದಷ್ಟು, ಕಡು ಚಹದ ಬಣ್ಣ.

ಸೋಮವಾರ ಮಂಡಳಿಯ ವ್ಯಾನು ಬಂತು. ಇಬ್ಬರು ಬಂದು ನನ್ನ ತೊಟ್ಟಿಯಿಂದ ಉಳಿದರ್ಧವನ್ನು ತೆಗೆದರು. ಒಡೆದ ಜಾಗ ಹೊಸ ಸುಣ್ಣದಂತೆ ಹೊಳೆಯುತ್ತಿತ್ತು, ಅವರು ನೋಡಲಿಲ್ಲ. ನಮೂನೆಯಲ್ಲಿ ಎಷ್ಟು ಎಂಬ ಜಾಗವಿತ್ತು, ಅಲ್ಲಿ ‘ಒಂದು’ ಎಂದು ಬರೆದರು. ಕೇರಿಯ ಕಣ್ಣನ್ನು ಕಿತ್ತು ನಾಲ್ಕನೆಯ ಮನೆಗೆ ಅಂಟಿಸಿದರು. ಯಾರ ಮನೆಗೆ ಅಂಟಿಸುತ್ತಾರೆ ಎಂದು ಈ ಸಲ ಇಡೀ ಕೇರಿ ಬಾಗಿಲಿಗೆ ಬಂದು ನೋಡಿತು. ದೀಪ ಹಚ್ಚಬಾರದೆಂಬ ಆದೇಶವನ್ನು ನನ್ನ ಗೋಡೆಗೆ ಅಂಟಿಸಿ ಹೋದರು. ಕೇಂದ್ರದ ಕೊಳಕ್ಕೆ ಹೋದ ಆ ಅರ್ಧ ಆರು ವಾರಕ್ಕೆ ಬಿಳಿಚಿ ಸತ್ತಿತೆಂದು ಆಮೇಲೆ ತನುಜಾ ಕೈಯಲ್ಲಿ ಬರೆದ ಒಂದು ಸಾಲಿನ ಪತ್ರ ಬಂತು. ಸಹಿ ಇತ್ತು, ಮಂಡಳಿಯ ಮುದ್ರೆ ಇರಲಿಲ್ಲ.

ಆ ಪತ್ರ ಓದಿದ ದಿನ ನಾನು ದೇವರ ಮುಂದೆ ಬಹಳ ಹೊತ್ತು ಕೂತೆ. ನನ್ನ ತಪ್ಪಿಗೆ ಕ್ಷಮೆ ಬೇಡುತ್ತೇನೆ, ಅದು ದಿನವೂ ನಡೆಯುತ್ತದೆ. ಅವರನ್ನು ಕ್ಷಮಿಸುವ ಬುದ್ಧಿ ಕೊಡು ಎಂದು ಮಾತ್ರ ಬಾಯಿಗೆ ಬರುವುದಿಲ್ಲ. ಬಾರದ ಮಾತನ್ನು ದೇವರ ಮುಂದೆ ಆಡಬಾರದು ಎಂದು ಬಿಟ್ಟಿದ್ದೇನೆ.

ಈಗ ಬೆಳಿಗ್ಗೆ ಮಿಂದವನೇ ಬತ್ತಿ ಮುಟ್ಟುವುದಿಲ್ಲ. ಒದ್ದೆ ಕೈಯಲ್ಲಿ ಬೇಲಿ ದಾಟಿ ಹೋಗುತ್ತೇನೆ. ಸೆವ್ರಿನ್ ಬಾಯಿ ಬಾಗಿಲಲ್ಲಿ ನಿಂತಿರುತ್ತಾರೆ, ಒಳಗೆ ಗಾಳಿ ಮೆಲ್ಲಗೆ ಗುರುಗುಟ್ಟುತ್ತಿರುತ್ತದೆ.

“ಕೈ ತೋರ್ಸಿ” ಎನ್ನುತ್ತಾರೆ.

ಚಾಚುತ್ತೇನೆ. ಅವರು ಬಗ್ಗಿ ನನ್ನ ಐದು ಬೆರಳನ್ನೂ ಒಂದೊಂದಾಗಿ ಮೂಸಿ ನೋಡಿ, ಆಮೇಲೆ ಒಳಗೆ ಬಿಡುತ್ತಾರೆ.